ಮುರಿದ ಕೀಲಿಗೆ ಹೊಣೆ ಯಾರು?

‘ಅಕಸ್ಮಾತ್’ ಎಂಬುದು ನಮ್ಮ ನಿತ್ಯದ ಮಾತಿನಲ್ಲಿ ಸವೆದುಹೋಗಿರುವ ಶಬ್ದ. ಗಡಿಗೆ ಒಡೆದರೂ ಅಕಸ್ಮಾತ್, ಬಸ್ಸು ಮಗುಚಿದರೂ ಅಕಸ್ಮಾತ್, ಆಕಾಶದಿಂದ ವಿಮಾನ ಬಿದ್ದರೂ ಅಕಸ್ಮಾತ್. ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ‘ಏತರಿಂದ’ ಎಂದರ್ಥ; ಅದಕ್ಕೆ ನಿಷೇಧದ ಅಕಾರ ಸೇರಿ ‘ಏತರಿಂದಲೂ ಅಲ್ಲದೆ’ ಎಂದಾಯಿತು. ಹೀಗೆ ಆ ಒಂದು ಶಬ್ದದಲ್ಲಿ ಒಂದು ತತ್ತ್ವವೇ ಅಡಗಿದೆ. ಏತರಿಂದಲೂ ಅಲ್ಲದೆ ಆದದ್ದಕ್ಕೆ ಯಾರನ್ನು ಕೇಳುವುದು? ಅಳುವುದಷ್ಟೇ ಉಳಿಯುತ್ತದೆ. ಯಂತ್ರಯುಗದ ನ್ಯಾಯಶಾಸ್ತ್ರ ಈ ಶಬ್ದದೊಡನೆ ನೂರು ವರ್ಷಗಳಿಂದ ಹೋರಾಡುತ್ತ ಬಂದಿದೆ. ವಿಮಾನದ ಒಂದು ಕೆಟ್ಟ ಭಾಗದಿಂದ ಜೀವಹಾನಿಯಾದಾಗ ಹೊಣೆ ಯಾರ ತಲೆಯ ಮೇಲೆ ಬೀಳಬೇಕೆಂಬ ಪ್ರಶ್ನೆಯನ್ನು ಕುರಿತು, ಕನ್ನಡದ ಮೇಷ್ಟರೊಬ್ಬನಿಗೆ ತೋರಿದ ಕೆಲವು ಮಾತುಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ವಿಮಾನದ ಮಾತು ಬಾಗೂರಿನಂಥ ಊರಿಗೆ ದೂರದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಹೊಸದುರ್ಗ ತಾಲ್ಲೂಕಿನ ಈ ಊರು ತೆಂಗಿನ ತೋಟಗಳ ಊರು, ಚೆನ್ನಕೇಶವನ ಗುಡಿಯ ಊರು. ವಿಮಾನ ನಿಲ್ದಾಣದ ಗದ್ದಲ ಇಲ್ಲಿಲ್ಲ. ಆದರೆ ಇದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವೊಂದು 2017ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಂದ ಹಾರಿದ ‘ತಪಸ್’ ಎಂಬ ಚಾಲಕರಹಿತ ವಿಮಾನವೊಂದು 2019ರ ಸೆಪ್ಟೆಂಬರ್ 17ರಂದು ಜೋಡಿ ಚಿಕ್ಕೇನಹಳ್ಳಿಯ ಬಳಿ ಬಿತ್ತು. ಅದೇ ಜಾತಿಯ ಮತ್ತೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಬಿತ್ತು. ಒಳಗೆ ಮನುಷ್ಯರಿರಲಿಲ್ಲ; ಕೆಳಗಿದ್ದವರಿಗೂ ಪ್ರಾಣಾಪಾಯವಾಗಲಿಲ್ಲ. ಪರೀಕ್ಷೆಗಾಗಿ ಹಾರಿಸಿದ ಯಂತ್ರ ಬೀಳುವುದು ಉಂಟು; ಅದಕ್ಕಾಗಿಯೇ ಪರೀಕ್ಷೆ. ಆದರೂ ಮೋಡವನ್ನು ನೋಡಲು ಮಾತ್ರ ತಲೆಯೆತ್ತುತ್ತಿದ್ದ ನಮ್ಮ ಸೀಮೆಯ ರೈತ, ಆಕಾಶದಿಂದ ಮಳೆಯಲ್ಲದೆ ಬೇರೆ ವಸ್ತುಗಳೂ ಬೀಳಬಹುದೆಂದು ತಿಳಿಯುವ ಕಾಲ ಬಂದಿತೆಂಬುದು ಸುಳ್ಳಲ್ಲ.

ಹಳೆಯ ಧರ್ಮಶಾಸ್ತ್ರದ ಮಾತು

ಯುದ್ಧರಂಗದಲ್ಲಿ ದಶರಥನ ರಥದ ಅಚ್ಚಿನ ಕೀಲು ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಕೀಲಾಗಿ ಕೊಟ್ಟು ಗಾಲಿಯನ್ನು ನಿಲ್ಲಿಸಿದಳೆಂಬ ಕಥೆ ನಮ್ಮ ಜನದಲ್ಲಿ ಪ್ರಸಿದ್ಧವಾಗಿದೆ. ಆ ಉಪಕಾರಕ್ಕೆ ಎರಡು ವರ. ಆ ವರಗಳಿಂದ ರಾಮನಿಗೆ ವನವಾಸ, ದಶರಥನಿಗೆ ಮರಣ. ಅಯೋಧ್ಯೆಯ ದುಃಖಕ್ಕೆಲ್ಲ ಮೂಲ ಒಂದು ಕೀಲು. ಆದರೂ ಕಥೆ ಹೇಳುವವರಾಗಲಿ ಕೇಳುವವರಾಗಲಿ ‘ಆ ಕೀಲನ್ನು ಬಡಿದ ಕಮ್ಮಾರ ಯಾರು?’ ಎಂದು ಕೇಳಿದ್ದಿಲ್ಲ. ಕೈಕೇಯಿಯನ್ನು ನಿಂದಿಸುತ್ತೇವೆ, ಮಂಥರೆಯನ್ನು ಶಪಿಸುತ್ತೇವೆ, ವಿಧಿಯನ್ನು ನೆನೆಯುತ್ತೇವೆ. ಕಮ್ಮಾರನು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ಧರ್ಮಶಾಸ್ತ್ರಗಳ ದೃಷ್ಟಿಯೂ ಸ್ವಲ್ಪಮಟ್ಟಿಗೆ ಇದೇ. ಬಂಡಿಯಿಂದ ಪ್ರಾಣಹಾನಿಯಾದರೆ ಯಾರಿಗೆ ದಂಡವೆಂಬುದನ್ನು ಮನುಸ್ಮೃತಿ ಎಂಟನೆಯ ಅಧ್ಯಾಯದಲ್ಲಿ ವಿಚಾರಿಸುತ್ತದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಗಾಲಿ ಒಡೆದರೆ, ಹಗ್ಗ ಕಿತ್ತರೆ ದಂಡವಿಲ್ಲ. ಇಂಥ ಹತ್ತು ಸಂದರ್ಭಗಳನ್ನು ಅದು ಎಣಿಸುತ್ತದೆ. ಹೊಡೆಯುವವನ ಅಕುಶಲತೆಯಿಂದ ಬಂಡಿ ದಾರಿ ತಪ್ಪಿದರೆ ಅಂಥವನನ್ನು ನೇಮಿಸಿದ ಒಡೆಯನಿಗೆ ದಂಡ. ಹೊಡೆಯುವವನು ಕುಶಲನಾಗಿದ್ದೂ ತಪ್ಪಿದರೆ ದಂಡ ಅವನಿಗೇ. ಯಾಜ್ಞವಲ್ಕ್ಯನೂ ಮೂಗುದಾರ ಕಿತ್ತ, ನೊಗ ಮುರಿದ ಬಂಡಿಯ ಒಡೆಯನನ್ನು ದೋಷದಿಂದ ಬಿಡಿಸುತ್ತಾನೆ. ಆ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿದ್ದವನು ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಹಳೆಯ ನ್ಯಾಯಕ್ಕೆ ಮುರಿದ ಭಾಗವು ಪ್ರಶ್ನೆಯ ಕೊನೆ. ಅಚ್ಚು ಮುರಿಯಿತೆಂದು ಸಿದ್ಧವಾದೊಡನೆ ಸಭೆ ಎದ್ದುಬಿಡುತ್ತದೆ. ಇದು ಅವಿವೇಕವೆಂದು ನಾನು ಹೇಳಲಾರೆ. ಆ ಕಾಲದ ಬಂಡಿಯನ್ನು ಊರಿನ ಬಡಗಿ ಎಲ್ಲರ ಕಣ್ಣೆದುರಿಗೇ ಮಾಡುತ್ತಿದ್ದನು. ಜಾಲಿಯ ಮರ ಯಾವ ಹೊಲದ್ದೆಂದು ಕೊಳ್ಳುವವನಿಗೆ ಗೊತ್ತು. ಗಾಲಿಗೆ ಪಟ್ಟಾ ಬಿಗಿಯುವಾಗ ಅವನೂ ಕೈಹಚ್ಚುತ್ತಿದ್ದನು. ಇಂದಿಗೂ ಊರಿನ ತೇರನ್ನೆಳೆಯುವ ಮುನ್ನ ಹಿರಿಯರು ಅಚ್ಚು, ಗಾಲಿ, ಹಗ್ಗಗಳನ್ನು ಮುಟ್ಟಿ ನೋಡುವುದುಂಟು. ಬಳಸುವವನಿಗೆ ನೋಡುವ ಅವಕಾಶವಿದ್ದಲ್ಲಿ ಮಾಡಿದವನನ್ನು ಹುಡುಕಿಕೊಂಡು ಹೋಗುವ ಅಗತ್ಯ ಕಡಮೆ. ಬೋಯಿಂಗ್ 747 ಎಂಬ ವಿಮಾನದಲ್ಲಾದರೋ ಸುಮಾರು 60 ಲಕ್ಷ ಬಿಡಿಭಾಗಗಳಿದ್ದುವು. ಅವುಗಳಲ್ಲಿ ಅರ್ಧದಷ್ಟು ತಿರುಪು, ರಿವೆಟ್ಟುಗಳಂಥ ಬೆಸುಗೆಯ ಸಾಧನಗಳು. ಟಿಕೇಟು ಕೊಂಡು ಕಿಟಕಿಯ ಬಳಿ ಕುಳಿತ ಪ್ರಯಾಣಿಕ ಅವುಗಳಲ್ಲಿ ಯಾವುದನ್ನು ಮುಟ್ಟಿ ನೋಡಬಲ್ಲನು?

ಒಂದು ಗಾಲಿ, ಒಂದು ಮಾಪಕ

ಈ ಬದಲಾವಣೆಯನ್ನು ಪಶ್ಚಿಮದ ನ್ಯಾಯಾಲಯಗಳು ಮೊದಲು ಗುರುತಿಸಿದ್ದೂ ಒಂದು ಗಾಲಿಯ ಪ್ರಕರಣದಲ್ಲಿಯೇ ಎಂಬುದು ಸ್ವಾರಸ್ಯವಾಗಿದೆ. ಬ್ಯೂಯಿಕ್ ಕಂಪೆನಿಯ ಮೋಟಾರೊಂದರ ಮರದ ಗಾಲಿಯ ಕಡ್ಡಿಗಳು ಪುಡಿಯಾಗಿ, ಅದನ್ನು ನಡೆಸುತ್ತಿದ್ದ ಕಲ್ಲುಕುಟಿಗನೊಬ್ಬನು ಗಾಯಗೊಂಡನು. ಗಾಲಿಯನ್ನು ಮಾಡಿದವರು ಬೇರೊಬ್ಬರು; ಬ್ಯೂಯಿಕ್ ಅದನ್ನು ಕೊಂಡು ಜೋಡಿಸಿತ್ತು. ಮೋಟಾರನ್ನು ಆತನಿಗೆ ಮಾರಿದವನು ನಡುವಣ ವ್ಯಾಪಾರಿ. ‘ನಮಗೂ ಈತನಿಗೂ ಕರಾರೇ ಇಲ್ಲ’ ಎಂಬುದು ಕಂಪೆನಿಯ ವಾದ. 1916ರಲ್ಲಿ ನ್ಯೂಯಾರ್ಕಿನ ನ್ಯಾಯಮೂರ್ತಿ ಕಾರ್ಡೋಜೊ ಆ ವಾದವನ್ನು ತಳ್ಳಿಹಾಕಿದರು. ಅಜಾಗರೂಕತೆಯಿಂದ ಮಾಡಿದರೆ ಪ್ರಾಣಕ್ಕೆ ಅಪಾಯ ತರತಕ್ಕ ವಸ್ತುವನ್ನು ತಯಾರಿಸುವವನು, ಅದನ್ನು ಕೊಂಡವನಿಗೆ ಮಾತ್ರವಲ್ಲದೆ ಬಳಸಲಿರುವವನಿಗೂ ಬಾಧ್ಯನೆಂದು ತೀರ್ಪಾಯಿತು. ಜೋಡಿಸಿದವನು ‘ಗಾಲಿ ನನ್ನದಲ್ಲ’ ಎಂದು ಕೈತೊಳೆದುಕೊಳ್ಳುವಂತಿಲ್ಲ ಎಂಬುದೂ ಅಲ್ಲಿಯೇ ಸ್ಥಿರವಾಯಿತು.

ವಿಮಾನದ ಸರದಿ ಬಂದದ್ದು 1963ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ, 1959ರ ಫೆಬ್ರವರಿಯಲ್ಲಿ, ಲಾಕ್‌ಹೀಡ್ ಕಂಪೆನಿಯ ‘ಎಲೆಕ್ಟ್ರಾ’ ವಿಮಾನವೊಂದು ನ್ಯೂಯಾರ್ಕಿನ ನಿಲ್ದಾಣಕ್ಕೆ ಇಳಿಯುವಾಗ ನದಿಗೆ ಬಿದ್ದು 65 ಮಂದಿ ಸತ್ತರು. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು, ಎತ್ತರವನ್ನು ತೋರಿಸುವ ಮಾಪಕ ಕೆಟ್ಟಿತ್ತೆಂದು ಆರೋಪಿಸಿ ವಿಮಾನ ಕಂಪೆನಿಯ ಮೇಲೂ ಲಾಕ್‌ಹೀಡಿನ ಮೇಲೂ ಮಾಪಕವನ್ನು ಮಾಡಿದ ಕಾಲ್ಸ್‌ಮನ್ ಸಂಸ್ಥೆಯ ಮೇಲೂ ದಾವೆ ಹೂಡಿದಳು. ಆ ದಾವೆ ಲಾಕ್‌ಹೀಡಿನ ವಿರುದ್ಧ ನಿಲ್ಲುತ್ತದೆಂದು ನ್ಯೂಯಾರ್ಕಿನ ಉನ್ನತ ನ್ಯಾಯಾಲಯ ಹೇಳಿತು. ವಸ್ತುವು ತನ್ನ ಕೆಲಸಕ್ಕೆ ಯೋಗ್ಯವಾಗಿದೆಯೆಂಬ ಮೌನದ ಭರವಸೆಯೊಂದು ಅದರೊಡನೆಯೇ ಬರುತ್ತದೆ. ಆ ಭರವಸೆ ಪ್ರಯಾಣಿಕಳವರೆಗೂ ಹೋಗುತ್ತದೆ ಎಂಬುದು ಬಹುಮತದ ಅಭಿಪ್ರಾಯ. ಆದರೆ ಪೂರ್ಣ ವಿಮಾನವನ್ನು ಮಾಡಿದವನು ಹೊಣೆಯಾದರೆ ಸಾಕು, ಭಾಗವನ್ನು ಮಾಡಿದವನವರೆಗೆ ಸದ್ಯಕ್ಕೆ ಹೋಗುವುದು ಬೇಡವೆಂದು ಆ ನ್ಯಾಯಾಲಯ ಅಲ್ಲಿಗೇ ನಿಂತಿತು. ಗಾಲಿಯಿಂದ ಜೋಡಿಸಿದವನವರೆಗೆ ಬಂದ ಪ್ರಶ್ನೆ ಕಮ್ಮಾರನ ಬಾಗಿಲಿನವರೆಗೆ ಬಂದು ಕದ ತಟ್ಟದೆ ಹಿಂದಿರುಗಿತು.

ನಮ್ಮ ನಾಡಿನ ಎರಡು ನಿದರ್ಶನಗಳು

ನಮ್ಮಲ್ಲಿ ಆ ಕದವನ್ನು ತಟ್ಟಿದವನು ವಾಯುಪಡೆಯ ಅಧಿಕಾರಿಯೊಬ್ಬನು. 2005ರ ಜನವರಿ 4ರಂದು ರಾಜಸ್ಥಾನದಲ್ಲಿ ಆತನ ಮಿಗ್-21 ವಿಮಾನಕ್ಕೆ ಹಾರಿದ ಸ್ವಲ್ಪ ಹೊತ್ತಿನಲ್ಲಿಯೇ ಬೆಂಕಿ ಹತ್ತಿತು. ವಿಮಾನ ಹಳ್ಳಿಯ ಮೇಲೆ ಬೀಳದಂತೆ ಅತ್ತ ತಿರುಗಿಸಿ ಕೊನೆಯ ಗಳಿಗೆಯಲ್ಲಿ ಹೊರಕ್ಕೆ ಚಿಮ್ಮಿದ ಆತ ಜೀವದಿಂದ ಉಳಿದನು. ಬೆನ್ನೆಲುಬಿನ ಪೆಟ್ಟಿನಿಂದ ಯುದ್ಧವಿಮಾನ ನಡೆಸುವ ಯೋಗ್ಯತೆ ಹೋಯಿತು. ದೋಷ ತಯಾರಿಕೆಯದೆಂಬುದು ಆತನಿಗೆ ತಿಳಿದದ್ದು ವರ್ಷಗಳ ಮೇಲೆ, ಮಾಹಿತಿ ಹಕ್ಕಿನ ಕಾಯಿದೆಯ ಮೂಲಕ. ತಯಾರಿಸಿದ ಸಂಸ್ಥೆ ಹಿಂದೂಸ್ತಾನ್ ಏರೋನಾಟಿಕ್ಸ್: 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದಿಂದ ಬೆಂಗಳೂರಿನಲ್ಲಿ ಕಟ್ಟಿದ, ನಾವೆಲ್ಲ ಹೆಮ್ಮೆಪಡುವ ಸಂಸ್ಥೆ.

ಸೈನಿಕನಾದವನು ಅಪಾಯವನ್ನು ಒಪ್ಪಿಕೊಂಡೇ ಸೇರಿರುತ್ತಾನಲ್ಲವೇ ಎಂಬುದು ಇಂಥಲ್ಲಿ ಎದ್ದೇಳುವ ವಾದ. 2017ರ ಮೇ ತಿಂಗಳಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯ ಇದಕ್ಕೆ ಕೊಟ್ಟ ಉತ್ತರ ಮನನೀಯವಾಗಿದೆ. ಅಪಾಯದ ವೃತ್ತಿಗೂ ಒಂದು ಸಹಜವಾದ ಅಪಾಯದ ಮಿತಿಯುಂಟು. ಆ ಮಿತಿಯನ್ನು ಮೀರಿ, ಕೆಟ್ಟ ಕೆಲಸಗಾರಿಕೆಯಿಂದ ಹುಟ್ಟಿದ ಅಪಾಯಕ್ಕೆ ಯೋಧನನ್ನು ಒಡ್ಡುವುದು ಸಂವಿಧಾನದ 21ನೆಯ ಅನುಚ್ಛೇದ ಕೊಟ್ಟ ಜೀವದ ಹಕ್ಕಿಗೆ ಭಂಗವೆಂದು ಅದು ಭಾವಿಸಿತು. ಒಟ್ಟು 55 ಲಕ್ಷ ರೂಪಾಯಿ ಪರಿಹಾರ; ಅದರಲ್ಲಿ 50 ಲಕ್ಷ ತಯಾರಕ ಸಂಸ್ಥೆಯಿಂದ, 5 ಲಕ್ಷ ಕೇಂದ್ರ ಸರ್ಕಾರದಿಂದ ಎಂದು ಆಜ್ಞೆಯಾಯಿತು. ವೈರಿಯ ಗುಂಡಿಗೆ ಎದೆಯೊಡ್ಡುತ್ತೇನೆಂದು ಮಾತುಕೊಟ್ಟವನು ಸ್ವದೇಶದ ಕಾರ್ಖಾನೆಯ ಕೆಟ್ಟ ಕೆಲಸಕ್ಕೆ ಬೆನ್ನೊಡ್ಡುತ್ತೇನೆಂದು ಮಾತುಕೊಟ್ಟಿಲ್ಲ. ಆ ವಿಮಾನಗಳು 2025ರ ಸೆಪ್ಟೆಂಬರಿನಲ್ಲಿ ವಾಯುಪಡೆಯಿಂದ ನಿವೃತ್ತವಾದುವು; ತೀರ್ಪಿನ ಮಾತು ನಿವೃತ್ತವಾಗತಕ್ಕದ್ದಲ್ಲ.

ಎರಡನೆಯದು ಹೆಚ್ಚು ದಾರುಣವಾದದ್ದು. 2009ರ ಮಾರ್ಚ್ 6ರಂದು ಬಿಡದಿಯ ಬಳಿಯ ಶೇಷಗಿರಿಹಳ್ಳಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಸಾರಸ್’ ವಿಮಾನ ಪರೀಕ್ಷಾಹಾರಾಟದಲ್ಲಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಮಡಿದರು. ಎಂಜಿನ್ನನ್ನು ಆಕಾಶದಲ್ಲಿಯೇ ನಿಲ್ಲಿಸಿ ಮರಳಿ ಹೊತ್ತಿಸುವ ಪ್ರಯೋಗ ಅದು. ಹೊತ್ತಿಸುವ ಕ್ರಮವನ್ನು ವಿನ್ಯಾಸಕಾರರು ತಪ್ಪಾಗಿ ರೂಪಿಸಿದ್ದರೆಂದೂ, ಸಾಲದಷ್ಟು ಎತ್ತರದಲ್ಲಿ ಚಾಲಕರು ಅದನ್ನು ಅನುಸರಿಸಿದರೆಂದೂ ವಿಚಾರಣೆಯ ವರದಿ ಹೇಳಿತು. ಇಲ್ಲಿ ಮುಖ್ಯ ದೋಷವೆಂದು ಹೆಸರಿಸಿದ್ದು ಲೋಹದ ತುಂಡೊಂದನ್ನಲ್ಲ, ಕಾಗದದ ಮೇಲಿನ ಸೂಚನೆಯನ್ನು. ಯಂತ್ರಕ್ಕೆ ಸೇರಿದ ಸೂಚನೆಯೂ ಯಂತ್ರದ ಒಂದು ಭಾಗವೇ. ವಾಕ್ಯವೊಂದು ಕೆಟ್ಟರೆ ಪ್ರಾಣ ಹೋಗಬಹುದೆಂಬುದನ್ನು ಭಾಷೆಯ ಅಧ್ಯಾಪಕರಾದ ನಾವು ವಿದ್ಯಾರ್ಥಿಗಳಿಗೆ ಇದಕ್ಕಿಂತ ಗಟ್ಟಿಯಾಗಿ ತೋರಿಸಲಾರೆವು.

ಎರಡು ಬಾರಿ 346

ಬರವಣಿಗೆಯ ಮಾತು ಬಂದುದರಿಂದ 1974ರ ಮಾರ್ಚ್ 3ರಂದು ಪ್ಯಾರಿಸ್ಸಿನ ಬಳಿ ಬಿದ್ದ ತುರ್ಕಿ ವಿಮಾನವನ್ನು ನೆನೆಯಬೇಕು. ಡಿಸಿ-10 ಎಂಬ ಆ ವಿಮಾನದ ಸಾಮಾನುಕೋಣೆಯ ಬಾಗಿಲು ಪೂರ್ತಿ ಭದ್ರವಾಗದಿದ್ದರೂ ಹೊರಗಿನಿಂದ ಭದ್ರವಾದಂತೆ ಕಾಣುತ್ತಿತ್ತು. ಆಕಾಶದಲ್ಲಿ ಅದು ಕಿತ್ತುಹೋಗಿ 346 ಜನ ಸತ್ತರು. ಮೊದಲು ಅಪವಾದ ಬಂದದ್ದು ಬಾಗಿಲು ಮುಚ್ಚಿದ ಕೂಲಿಯವನ ಮೇಲೆ. ಆ ಬಾಗಿಲಿನ ಮೇಲಿನ ಎಚ್ಚರಿಕೆ ಇದ್ದದ್ದು ಇಂಗ್ಲಿಷಿನಲ್ಲಿ ಮತ್ತು ತುರ್ಕಿಯಲ್ಲಿ. ಆತನಿಗೆ ಬೇರೆ ಭಾಷೆಗಳು ಬರುತ್ತಿದ್ದುವು, ಆ ಎರಡು ಬರುತ್ತಿರಲಿಲ್ಲ. ನಿಜವಾದ ದೋಷ ಎಷ್ಟೋ ಮೇಲಿನದು. 1972ರ ಜೂನ್‌ನಲ್ಲಿಯೇ ಅದೇ ಬಗೆಯ ಬಾಗಿಲು ಕೆನಡಾದ ವಿಂಡ್ಸರಿನ ಮೇಲೆ ಕಿತ್ತುಹೋಗಿತ್ತು. ಆಗ ಯಾರೂ ಸಾಯಲಿಲ್ಲ. ಅದಾದ ಕೆಲವೇ ದಿನಗಳಲ್ಲಿ, ವಿಮಾನದ ಒಡಲನ್ನು ಕಟ್ಟಿದ ಉಪಗುತ್ತಿಗೆಯ ಕಂಪೆನಿಯ ಎಂಜಿನಿಯರನೊಬ್ಬನು ಇಂಥ ಬಾಗಿಲುಗಳು ಮತ್ತೆ ತೆರೆದುಕೊಳ್ಳುವುದೂ ವಿಮಾನ ನಾಶವಾಗುವುದೂ ಅನಿವಾರ್ಯವೆಂದು ತನ್ನ ಮೇಲಿನವರಿಗೆ ಬರೆದನು. ದುಬಾರಿಯಾದ ತಿದ್ದುಪಡಿಯ ವೆಚ್ಚ ಯಾರದೆಂಬ ಲೆಕ್ಕಾಚಾರದಲ್ಲಿ ಆ ಓಲೆ ಅಲ್ಲಿಯೇ ಉಳಿಯಿತು. ಅದು ಲೋಕದ ಬೆಳಕಿಗೆ ಬಂದದ್ದು ಅನಾಹುತವಾದ ಮೇಲೆ, ಮೊಕದ್ದಮೆಗಳ ಕಾಲದಲ್ಲಿ.

ಜಪಾನಿನ ಕಥೆಯೂ ಇಂಥದೇ. 1978ರಲ್ಲಿ ಬಾಲ ನೆಲಕ್ಕೆ ಉಜ್ಜಿದ ವಿಮಾನವೊಂದನ್ನು ಬೋಯಿಂಗ್ ಕಂಪೆನಿಯ ಕೆಲಸಗಾರರೇ ದುರಸ್ತಿ ಮಾಡಿದರು. ಎರಡು ಸಾಲು ರಿವೆಟ್ಟು ಹೊರಬೇಕಾದ ಭಾರವನ್ನು ಒಂದು ಸಾಲು ಹೊರುವಂತಾಯಿತು. ಏಳು ವರ್ಷ ಅದು ಹೊತ್ತಿತು. 1985ರ ಆಗಸ್ಟ್ 12ರಂದು ಸೋತಿತು. 520 ಜನ ಮಡಿದರು.

2018ರ ಅಕ್ಟೋಬರ್ 29ರಂದು ಇಂಡೋನೇಷಿಯದಲ್ಲಿ 189, 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ 157. ಒಟ್ಟು ಮತ್ತೆ 346. ಎರಡೂ ಬೋಯಿಂಗ್ 737 ಮ್ಯಾಕ್ಸ್. ಒಂದೇ ಒಂದು ಸಂವೇದಕದ ಮಾತನ್ನು ನಂಬಿ ವಿಮಾನದ ಮೂತಿಯನ್ನು ತಾನಾಗಿಯೇ ಕೆಳಕ್ಕೊತ್ತುವ ಏರ್ಪಾಡೊಂದು ಅವುಗಳಲ್ಲಿತ್ತು. ಮೊದಲನೆಯ ವಿಮಾನದ ಸಂವೇದಕ ದುರಸ್ತಿಯಲ್ಲಿ ತಪ್ಪಾಗಿ ಹೊಂದಿಸಲ್ಪಟ್ಟಿತ್ತು. ಅಂಥ ಏರ್ಪಾಡು ಇದೆಯೆಂಬ ಮಾತೇ ಚಾಲಕರ ಕೈಪಿಡಿಯಲ್ಲಿರಲಿಲ್ಲ. ಆ ಇಂಡೋನೇಷಿಯದ ವಿಮಾನವನ್ನು ನಡೆಸುತ್ತಿದ್ದ ಮುಖ್ಯ ಚಾಲಕನು ದಿಲ್ಲಿಯ ತರುಣ. ಹೆಸರಿಲ್ಲದ, ತನಗೆ ಯಾರೂ ಹೇಳಿರದ ವೈರಿಯೊಡನೆ ಆತ ಹೋರಾಡಿದನು. 2021ರ ಜನವರಿಯಲ್ಲಿ ಬೋಯಿಂಗ್ ಅಮೆರಿಕದ ಸರ್ಕಾರದೊಡನೆ 250 ಕೋಟಿ ಡಾಲರುಗಳ ಒಪ್ಪಂದಕ್ಕೆ ಬಂದಿತು. ಅದರಲ್ಲಿ ಮೃತರ ವಾರಸುದಾರರಿಗೆಂದು ಇಟ್ಟದ್ದು 50 ಕೋಟಿ. ಅದೇ ವರ್ಷದ ನವೆಂಬರಿನಲ್ಲಿ ಇಥಿಯೋಪಿಯದ ದುರಂತಕ್ಕೆ ತಾನೇ ಹೊಣೆಯೆಂದು ಷಿಕಾಗೋ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅದಕ್ಕೆ ಪ್ರತಿಯಾಗಿ ಕುಟುಂಬಗಳು ದಂಡರೂಪದ ಪರಿಹಾರವನ್ನು ಕೇಳುವ ಹಕ್ಕನ್ನು ಬಿಟ್ಟುಕೊಟ್ಟುವು. ಅಪರಾಧದ ಮೊಕದ್ದಮೆಯಾದರೋ 2025ರ ನವೆಂಬರಿನಲ್ಲಿ ಸರ್ಕಾರದ ಕೋರಿಕೆಯಂತೆಯೇ ವಜಾ ಆಯಿತು. ಹಣದ ಹೊಣೆ ಒಪ್ಪುವುದು ಸುಲಭ, ತಪ್ಪಿನ ಹೊಣೆ ಒಪ್ಪುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕಾನೂನಿನ ಇಂದಿನ ನೆಲೆ

ಸತ್ತವರ ಮನೆಯವರಿಗೆ ನಮ್ಮ ದೇಶದಲ್ಲಿ ಎರಡು ದಾರಿಗಳಿವೆ. ಒಂದು, ಸಾಗಿಸಿದವನನ್ನು ಕೇಳುವುದು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಸಂಬಂಧಿಸಿದ ಮಾಂಟ್ರಿಯಲ್ ಒಪ್ಪಂದ 2009ರಿಂದ ಭಾರತಕ್ಕೆ ಅನ್ವಯವಾಗಿದೆ. ಅದರ ಪ್ರಕಾರ ಒಂದು ಮಿತಿಯವರೆಗೆ ವಿಮಾನ ಸಂಸ್ಥೆ ತನ್ನ ತಪ್ಪಿರಲಿ ಇಲ್ಲದಿರಲಿ ಹಣ ಕೊಡಲೇಬೇಕು; ಮಿತಿಯಿಂದಾಚೆ ತನ್ನ ತಪ್ಪಿಲ್ಲವೆಂದು ಅದೇ ರುಜುವಾತುಪಡಿಸಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ದುರಂತದಲ್ಲಿ ಅನ್ವಯಿಸಿದ್ದು ಈ ದಾರಿ. ಅಲ್ಲಿ ವಿಚಾರಣೆ ಕಂಡ ದೋಷ ಯಂತ್ರದ್ದಲ್ಲ, ಇಳಿಸುವವನ ನಿರ್ಧಾರದ್ದು. ಮೃತನೊಬ್ಬನ ಕುಟುಂಬಕ್ಕೆ 7 ಕೋಟಿ 64 ಲಕ್ಷ ರೂಪಾಯಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2020ರಲ್ಲಿ, ಹತ್ತು ವರ್ಷಗಳ ಮೇಲೆ.

ಎರಡನೆಯ ದಾರಿ, ಮಾಡಿದವನನ್ನು ಕೇಳುವುದು. 2019ರ ಗ್ರಾಹಕ ರಕ್ಷಣಾ ಕಾಯಿದೆ ‘ಉತ್ಪನ್ನದ ಹೊಣೆ’ ಎಂಬ ಅಧ್ಯಾಯವನ್ನೇ ಸೇರಿಸಿ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ತಯಾರಿಕೆಯ ದೋಷ, ವಿನ್ಯಾಸದ ದೋಷ, ಅಪಾಯವನ್ನು ತಡೆಯಲು ಸಾಲದ ಸೂಚನೆ, ಈ ಮೂರನ್ನೂ ಅದು ಬೇರೆಬೇರೆಯಾಗಿ ಹೆಸರಿಸುತ್ತದೆ. ‘ತಯಾರಕ’ ಎಂಬ ಶಬ್ದಕ್ಕೆ ಅರ್ಥ ಹೇಳುವಾಗ ಭಾಗಗಳನ್ನು ಮಾಡುವವನನ್ನೂ, ಜೋಡಿಸುವವನನ್ನೂ, ವಿನ್ಯಾಸಗೊಳಿಸುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 1963ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಹಿಂದಿರುಗಿದ ಕದದ ಮೇಲೆ ನಮ್ಮ ಶಾಸನ ಹೆಸರನ್ನೇ ಬರೆದಿದೆ.

ಮೊದಲನೆಯ ದಾರಿ ಸುಲಭ, ಎರಡನೆಯದು ಕಠಿನ. ಸಾಗಿಸಿದವನು ಹಣ ಕೊಟ್ಟು, ಆಮೇಲೆ ತಯಾರಕನಿಂದ ಅದನ್ನು ವಸೂಲುಮಾಡಿಕೊಳ್ಳುವುದಕ್ಕೆ ಒಪ್ಪಂದದಲ್ಲಿ ಅವಕಾಶವುಂಟು. ಲೆಕ್ಕ ಅಲ್ಲಿಗೆ ಸರಿಹೋಗಬಹುದು. ಆದರೆ ಎರಡು ಕಂಪೆನಿಗಳ ನಡುವೆ ಮುಚ್ಚಿದ ಕೋಣೆಯಲ್ಲಿ ಸರಿಹೋದ ಲೆಕ್ಕದಿಂದ, ‘ನನ್ನ ಮಗ ಏತರಿಂದ ಸತ್ತ?’ ಎಂಬ ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ. ತಾಂತ್ರಿಕ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ದೋಷಾರೋಪಣೆಯಲ್ಲ ಎಂದು ಅಂತಾರಾಷ್ಟ್ರೀಯ ನಿಯಮವೇ ಹೇಳುತ್ತದೆ. ಅದು ಸರಿಯೂ ಹೌದು; ಶಿಕ್ಷೆಯ ಭಯವಿದ್ದಲ್ಲಿ ಸತ್ಯ ಬಾಯಿಬಿಡುವುದಿಲ್ಲ. ಆದುದರಿಂದಲೇ ಹೊಣೆಯನ್ನು ನಿರ್ಣಯಿಸುವ ಮತ್ತೊಂದು ಸ್ಥಾನ ಬೇಕು. ಅದು ನ್ಯಾಯಾಲಯ. ಅಲ್ಲಿಯೂ ತಾಳ್ಮೆ ಬೇಕು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ 260 ಜನರನ್ನು ಬಲಿತೆಗೆದುಕೊಂಡ ದುರಂತದ ಪ್ರಾಥಮಿಕ ವರದಿ ಮರುತಿಂಗಳು ಹೊರಬಂದಾಗ ಅದು ಕಾರಣವನ್ನು ತೀರ್ಮಾನಿಸಿರಲಿಲ್ಲ. ಜನರ ಬಾಯಲ್ಲಿ ಮಾತ್ರ ಆ ವೇಳೆಗಾಗಲೇ ತೀರ್ಪುಗಳು ಹೊರಟುಹೋಗಿದ್ದುವು. ಬದುಕಿಲ್ಲದ ಚಾಲಕನ ಮೇಲೆ ತಪ್ಪು ಹೊರಿಸುವುದು ಎಲ್ಲಕ್ಕಿಂತ ಸುಲಭ. ಆತ ಪ್ರತಿವಾದ ಹೂಡಲಾರನು. ತಯಾರಕನನ್ನು ಪುರಾವೆಯಿಲ್ಲದೆ ಅಪರಾಧಿಯೆನ್ನುವುದೂ ಅಷ್ಟೇ ಅನ್ಯಾಯ.

ಹೊಣೆ ಎಂಬ ಮಾತು

ಕಡೆಗೆ ನಮ್ಮ ಭಾಷೆಯ ಕಡೆಗೇ ಬರುತ್ತೇನೆ. ‘ಹೊಣೆ’ ಹಳಗನ್ನಡದಲ್ಲಿ ‘ಪೊಣೆ’. ಅದರ ಅರ್ಥ ಜಾಮೀನು, ಭರವಸೆಗೆ ನಿಲ್ಲುವಿಕೆ. ಸಾಲ ಮಾಡಿದವನೊಬ್ಬ, ಅವನಿಗೆ ಹೊಣೆ ನಿಂತವನೊಬ್ಬ. ಹೊಣೆ ನಿಂತವನು ತಪ್ಪು ಮಾಡಿರುವುದಿಲ್ಲ. ಆದರೂ ಕೊಡಬೇಕಾದ ದಿನ ಬಂದರೆ ಅವನು ಓಡಿಹೋಗುವಂತಿಲ್ಲ, ಏಕೆಂದರೆ ಅವನು ಮೊದಲೇ ಮಾತು ಕೊಟ್ಟಿದ್ದಾನೆ. ‘ತಪ್ಪು’ ನಡೆದುಹೋದದ್ದರ ಕಡೆಗೆ ನೋಡುತ್ತದೆ. ‘ಹೊಣೆ’ ನಡೆಯುವುದಕ್ಕೆ ಮುಂಚೆಯೇ ನಿಂತಿರುತ್ತದೆ. ಅಜಾಗರೂಕತೆಯನ್ನು ಸಾಬೀತುಮಾಡದಿದ್ದರೂ ತಯಾರಕನು ಬಾಧ್ಯನೆಂಬ ಹೊಸ ನ್ಯಾಯತತ್ತ್ವವನ್ನು ಪಶ್ಚಿಮದ ಪಂಡಿತರು ಎಷ್ಟೋ ಗ್ರಂಥಗಳಲ್ಲಿ ವಿವರಿಸಿದ್ದಾರೆ. ಕನ್ನಡದಲ್ಲಿ ಅದಕ್ಕೆ ಎರಡಕ್ಷರ ಸಾಕು. ರಿವೆಟ್ಟನ್ನು ಬಡಿಯುವ ಕೈ, ಕೈಪಿಡಿಯ ವಾಕ್ಯವನ್ನು ಬರೆಯುವ ಕೈ, ‘ಸರಿಯಿದೆ’ ಎಂದು ರುಜು ಹಾಕುವ ಕೈ, ಇವುಗಳಲ್ಲಿ ಪ್ರತಿಯೊಂದೂ ತಾನು ಎಂದೂ ನೋಡದ ಪ್ರಯಾಣಿಕನಿಗೆ ಹೊಣೆ ನಿಲ್ಲುತ್ತಿದೆ.

ಪರಿಹಾರದಿಂದ ಸತ್ತವರು ಬರುವುದಿಲ್ಲವೆಂದು ವಿರಕ್ತಿಯಿಂದ ಹೇಳುವವರುಂಟು. ಅವರ ಮಾತು ನಿಜ. ಆದರೆ ವಿಂಡ್ಸರಿನ ಬಾಗಿಲಿಗೆ 1972ರಲ್ಲಿಯೇ ಯಾರಾದರೂ ಹೊಣೆ ನಿಂತಿದ್ದರೆ ಪ್ಯಾರಿಸ್ಸಿನ 346 ಜನ ಆ ದಿನ ತಮ್ಮ ತಮ್ಮ ಮನೆಗಳನ್ನು ಸೇರುತ್ತಿದ್ದರು. ಕಾನೂನು ಕೇಳುವ ‘ಏತರಿಂದ?’ ಎಂಬ ಪ್ರಶ್ನೆ ಸತ್ತವರ ಹೆಸರಿನಲ್ಲಿ ಬದುಕಿರುವವರಿಗಾಗಿ ಕೇಳುವ ಪ್ರಶ್ನೆ. ‘ಅಕಸ್ಮಾತ್’ ಎಂದು ನಿಟ್ಟುಸಿರು ಬಿಡುವ ಮುನ್ನ ಒಂದು ಕ್ಷಣ ನಿಂತು, ಆ ಶಬ್ದದ ಮೊದಲಿನ ‘ಅ’ಕಾರವನ್ನು ತೆಗೆದು ನೋಡುವುದನ್ನು ನಾವು ಕಲಿತರೆ, ಮುಂದೆ ಎಲ್ಲಿಯೋ ಒಂದು ಕೀಲು ಮುರಿಯದೆ ಉಳಿದೀತು.